ಒಂದೊಂದು ಕಾಗದಕ್ಕೂ ಒಂದೊಂದೇ ಮಾತು

ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯನ್ನು ಮಾರಬೇಕಾದರೆ ನೋಂದಣಿಯಾದ ಕ್ರಯಪತ್ರ ಬೇಕೇ ಬೇಕು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಂ ಹಾಕಿದ ಈ ನೂರು ರೂಪಾಯಿಯ ಗಡಿ ಇಂದಿಗೂ ಬದಲಾಗಿಲ್ಲ. ಬದಲಾಗುವ ಅಗತ್ಯವೂ ಬಿದ್ದಿಲ್ಲ, ಆ ಬೆಲೆಗೆ ಈಗ ಊರೊಳಗೆ ಒಂದು ಚದರ ಅಡಿ ನೆಲವೂ ಸಿಗುವುದಿಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿ, ಕ್ಯಾಮೆರಾಕ್ಕೆ ಮುಖ ಕೊಟ್ಟು, ಮುದ್ರೆ ಬಿದ್ದ ಪತ್ರ ಕೈಗೆ ಬಂದರೆ ಮನೆ ತಮ್ಮದಾಯಿತೆಂದು ಕೊಂಡವರು ಭಾವಿಸುತ್ತಾರೆ. ಕಾನೂನು ಅಷ್ಟು ದೂರ ಹೋಗುವುದಿಲ್ಲ. ಇಂಥ ದಿನ ಇಂಥವರು ಇಂಥವರಿಗೆ ಬರೆದುಕೊಟ್ಟರು ಎಂಬುದನ್ನಷ್ಟೇ ನೋಂದಣಿ ಕಚೇರಿ ದಾಖಲಿಸುತ್ತದೆ. ಬರೆದುಕೊಟ್ಟವರಿಗೆ ಆ ಹಕ್ಕು ಇತ್ತೇ ಎಂಬ ಪ್ರಶ್ನೆಗೆ ಸರ್ಕಾರ ಜಾಮೀನು ನಿಲ್ಲುವುದಿಲ್ಲ. ಮಾರುವವರಲ್ಲಿ ಇಲ್ಲದ ಹಕ್ಕು ಎಷ್ಟೇ ಮುದ್ರಾಂಕ ಶುಲ್ಕ ಕಟ್ಟಿದರೂ ಕೊಳ್ಳುವವರಿಗೆ ಬರುವುದಿಲ್ಲ.

ಮಾಲೀಕತ್ವ ಇಡಿಯಾಗಿ ಬರೆದಿರುವ ಒಂದೇ ಪತ್ರ ನಮ್ಮಲ್ಲಿಲ್ಲ. ಕ್ರಯಪತ್ರ, ಇ.ಸಿ., ಖಾತೆ, ಪಹಣಿ, ನಕ್ಷೆ ಮಂಜೂರಾತಿ ಬೇರೆಬೇರೆ ಇಲಾಖೆಗಳಲ್ಲಿ, ಬೇರೆಬೇರೆ ಉದ್ದೇಶಕ್ಕೆ ಹುಟ್ಟಿದ ಕಾಗದಗಳು. ಒಂದೊಂದೂ ಒಂದೊಂದೇ ಮಾತು ಹೇಳುತ್ತದೆ. ಒಂದು ಕಾಗದ ಹೇಳುವುದನ್ನು ಇನ್ನೊಂದರ ಬಾಯಲ್ಲಿ ಕೇಳಿದಾಗಲೇ ಮನೆ ವ್ಯವಹಾರದ ಹೆಚ್ಚಿನ ತಗಾದೆಗಳು ಹುಟ್ಟುವುದು.

ಮೊದಲು ನೋಡಬೇಕಾದದ್ದು ಹಕ್ಕು ಹರಿದುಬಂದ ದಾರಿ. ಈಗ ಮಾರುತ್ತಿರುವವರಿಗೆ ಸ್ವತ್ತು ಹೇಗೆ ಬಂತು, ಅವರಿಗೆ ಕೊಟ್ಟವರಿಗೆ ಹೇಗೆ ಬಂದಿತ್ತು ಎಂದು ಹಿಂದಕ್ಕೆ ಹೋಗಬೇಕು. ವಕೀಲರು ಸಾಮಾನ್ಯವಾಗಿ ಮೂವತ್ತು ವರ್ಷಗಳ ಮೂಲಪತ್ರಗಳನ್ನು ಕೇಳುತ್ತಾರೆ. ಸ್ವಯಾರ್ಜಿತ ಸ್ವತ್ತಾದರೆ ದಾರಿ ನೇರ. ಪಿತ್ರಾರ್ಜಿತವಾದರೆ ವಂಶವೃಕ್ಷ ಎದುರಿಗಿಟ್ಟುಕೊಂಡು ಕೂರಬೇಕಾಗುತ್ತದೆ, ಏಕೆಂದರೆ ತಂದೆ ಮತ್ತು ಗಂಡುಮಕ್ಕಳ ಸಹಿ ಇದ್ದರೆ ಸಾಕು ಎಂಬ ಕಾಲ ಎಂದೋ ಮುಗಿದಿದೆ. ಕರ್ನಾಟಕ 1994ರಲ್ಲೇ ತನ್ನದೇ ತಿದ್ದುಪಡಿಯ ಮೂಲಕ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಪಾಲು ಕೊಟ್ಟಿತ್ತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. ಕೇಂದ್ರದ 2005ರ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ಅದು ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಲೇಬೇಕಿಲ್ಲ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿದ ಮೇಲೆ ಉಳಿದಿದ್ದ ಅನುಮಾನವೂ ಹೋಯಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ವಿಭಾಗ ಪತ್ರವೋ ಕೋರ್ಟಿನ ಡಿಕ್ರಿಯೋ ಆಗಿದ್ದರೆ ಮಾತ್ರ ಅದು ಹಾಗೇ ನಿಲ್ಲುತ್ತದೆ. ಮದುವೆಯಾಗಿ ದೂರದೂರಿನಲ್ಲಿರುವ ಅಕ್ಕನೋ ತಂಗಿಯೋ ವರ್ಷಗಳ ನಂತರ ಪಾಲಿನ ದಾವೆ ಹೂಡಿದರೆ ಅದನ್ನು ದುರಾಸೆ ಎಂದು ಕರೆಯುವವರಿದ್ದಾರೆ. ಅವರು ಕೇಳುತ್ತಿರುವುದು ಕಾನೂನು ಕೊಟ್ಟ ಪಾಲನ್ನು. ಅದಕ್ಕಾಗಿ ಎಚ್ಚರದ ವಕೀಲರು ಎಲ್ಲ ಹೆಣ್ಣುಮಕ್ಕಳನ್ನೂ ಕ್ರಯಪತ್ರಕ್ಕೆ ಬರೆದುಕೊಡುವವರನ್ನಾಗಿ ಸೇರಿಸುತ್ತಾರೆ, ಇಲ್ಲವೇ ಮೊದಲೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಸುತ್ತಾರೆ. ಛಾಪಾ ಕಾಗದದ ಮೇಲೆ ಬರೆಸಿಕೊಂಡ ‘ನಮ್ಮ ಅಭ್ಯಂತರವಿಲ್ಲ’ ಎಂಬ ಒಕ್ಕಣೆ ಪಾಲನ್ನು ವರ್ಗಾಯಿಸುವುದಿಲ್ಲ.

ಅಪ್ರಾಪ್ತ ವಯಸ್ಕರ ಹೆಸರಿನಲ್ಲಿರುವ ಸ್ವತ್ತನ್ನು ನ್ಯಾಯಾಲಯದ ಅನುಮತಿ ಇಲ್ಲದೆ ತಂದೆತಾಯಿ ಮಾರಿದರೆ, ಆ ಮಕ್ಕಳು ಹದಿನೆಂಟು ತುಂಬಿದ ಮೂರು ವರ್ಷದೊಳಗೆ ಮಾರಾಟವನ್ನು ರದ್ದುಪಡಿಸಲು ಕೇಳಬಹುದು. ಇನ್ನು ಸಾಗುವಳಿ ಚೀಟಿಯ ಮೂಲಕ ಪರಿಶಿಷ್ಟ ಜಾತಿ, ಪಂಗಡದ ಕುಟುಂಬಗಳಿಗೆ ಮಂಜೂರಾದ ಜಮೀನು. ಇದಕ್ಕೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದ ಪರಭಾರೆ ಅಸಿಂಧು. ಎಷ್ಟು ಕೈ ಬದಲಾಗಿದ್ದರೂ ಉಪವಿಭಾಗಾಧಿಕಾರಿ ಜಮೀನನ್ನು ಮೂಲ ಮಂಜೂರುದಾರರ ವಾರಸುದಾರರಿಗೆ ಮರಳಿಸಬಹುದು. ಬಹಳ ತಡವಾಗಿ ಬಂದ ಅರ್ಜಿಗಳನ್ನು ನ್ಯಾಯಾಲಯಗಳು ತಳ್ಳಿಹಾಕತೊಡಗಿದ್ದರಿಂದ ಅರ್ಜಿಗೆ ಕಾಲಮಿತಿ ಇಲ್ಲ ಎಂದು 2023ರ ತಿದ್ದುಪಡಿಯಲ್ಲಿ ಸೇರಿಸಲಾಯಿತು. ಲೇಔಟ್ ಆಗಿ, ರಸ್ತೆಯಾಗಿ, ಮನೆಗಳೂ ಎದ್ದ ಜಾಗದ ತಳದಲ್ಲಿ ಇಂಥ ಮಂಜೂರಾತಿ ಇರಬಹುದು. ಅದು ಸೈಟಿನ ಖಾತೆಯಲ್ಲಿ ಕಾಣುವುದಿಲ್ಲ, ಹಳೆಯ ಪಹಣಿ ಮತ್ತು ಮ್ಯುಟೇಶನ್ ಪ್ರತಿಗಳಲ್ಲಿ ಕಾಣುತ್ತದೆ.

ಋಣಭಾರ ಪತ್ರ ಎಂದು ಕಾಗದದಲ್ಲಿ ಬರೆದರೂ ಜನರ ಬಾಯಲ್ಲಿ ಅದು ಇ.ಸಿ. ಆಯ್ದ ಅವಧಿಯಲ್ಲಿ ಆ ಸ್ವತ್ತಿನ ಮೇಲೆ ನೋಂದಣಿಯಾದ ಪತ್ರಗಳ ಪಟ್ಟಿ ಇದು. ವ್ಯವಹಾರಗಳಿದ್ದರೆ ನಮೂನೆ 15ರಲ್ಲಿ, ಏನೂ ಇಲ್ಲದಿದ್ದರೆ ನಮೂನೆ 16ರಲ್ಲಿ ಬರುತ್ತದೆ. 2004ರ ಏಪ್ರಿಲ್‌ನಿಂದ ಈಚಿನದು ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ. ಅದಕ್ಕೆ ಹಿಂದಿನದಕ್ಕೆ ಕೈಬರಹದ ಪುಸ್ತಕಗಳನ್ನು ಹುಡುಕಿಸಬೇಕು. ಇ.ಸಿ.ಯನ್ನು ಕೆಳಗಿನಿಂದ ಮೇಲಕ್ಕೆ ಓದುವಾಗ ನೋಡಬೇಕಾದದ್ದು ಇಷ್ಟು: ಒಂದು ಪತ್ರದಲ್ಲಿ ಬರೆಸಿಕೊಂಡವರೇ ಮುಂದಿನ ಪತ್ರದಲ್ಲಿ ಬರೆದುಕೊಟ್ಟವರಾಗಿದ್ದಾರೆಯೇ? ನಡುವೆ ಅಡಮಾನ ಇದ್ದರೆ ಅದರ ಋಣಮುಕ್ತಿ ಪತ್ರವೂ ಇದೆಯೇ? ಕರಾರು ನೋಂದಣಿಯಾಗಿ ರದ್ದಾಗದೆ ಉಳಿದಿದೆಯೇ? ಇಲ್ಲೊಂದು ಸಣ್ಣ ಬಲೆ ಇದೆ. ಹುಡುಕಾಟ ನಡೆಯುವುದು ಸ್ವತ್ತಿನ ವಿವರದ ಮೇಲೆ. ಸರ್ವೆ ನಂಬರಿನ ಜಮೀನು ಸೈಟಾಗಿ, ಸೈಟಿಗೆ ಪಂಚಾಯಿತಿ ಖಾತೆ ನಂಬರು ಬಂದು, ಆಮೇಲೆ ಪಾಲಿಕೆಯ ನಂಬರು ಬಿದ್ದಿದ್ದರೆ ಕೊನೆಯ ನಂಬರಿನಲ್ಲಿ ತೆಗೆದ ಇ.ಸಿ. ಸ್ವಚ್ಛವಾಗಿಯೇ ಬರುತ್ತದೆ. ಹಳೆಯ ಅಡಮಾನ ಹಳೆಯ ಸರ್ವೆ ನಂಬರಿನ ಕೆಳಗೆ ಕೂತಿರುತ್ತದೆ. ಎಲ್ಲ ನಂಬರುಗಳಲ್ಲೂ ಬೇರೆಬೇರೆಯಾಗಿ ಇ.ಸಿ. ತೆಗೆಸುವುದಕ್ಕೆ ಆಗುವ ಖರ್ಚು ತೀರ ಕಡಿಮೆ, ಆದರೂ ಬಹಳ ಮಂದಿ ಅದನ್ನು ಮಾಡುವುದಿಲ್ಲ.

ನೋಂದಣಿಯಾಗದ್ದು ಇ.ಸಿ.ಯಲ್ಲಿ ಬರುವುದಿಲ್ಲ. ಬಾಯಿಮಾತಿನ ಪಾಲು, ನೋಂದಾಯಿಸದ ವಿಲ್, ಕಟ್ಟದೆ ಬಿಟ್ಟ ಆಸ್ತಿ ತೆರಿಗೆ, ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆ ಇವೆಲ್ಲ ಆ ಪಟ್ಟಿಯ ಹೊರಗೆ. ದಾವೆ ನಡೆಯುತ್ತಿರುವಾಗ ಕೊಂಡವರಿಗೆ ಆ ದಾವೆಯ ತೀರ್ಪು ಅನ್ವಯಿಸುತ್ತದೆ. ತಮಗೆ ಗೊತ್ತಿರಲಿಲ್ಲ ಎಂಬ ವಾದ ಅಲ್ಲಿ ನಡೆಯದು. ಮಾರುವವರ ಹೆಸರು ಹಾಕಿ ಆ ತಾಲ್ಲೂಕಿನ ನ್ಯಾಯಾಲಯಗಳ ಪ್ರಕರಣಗಳನ್ನು ಇ-ಕೋರ್ಟ್ಸ್ ತಾಣದಲ್ಲಿ ಹುಡುಕುವುದು, ಅಕ್ಕಪಕ್ಕದ ಮನೆಯವರನ್ನು ಮಾತಾಡಿಸುವುದು ಎರಡೂ ಉಪಯೋಗಕ್ಕೆ ಬರುತ್ತವೆ. ಎರಡನೆಯದನ್ನು ಯಾವ ತಂತ್ರಾಂಶವೂ ಮಾಡಿಕೊಡುವುದಿಲ್ಲ.

ಖಾತೆಯ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರಾವ ಕಾಗದದ ಬಗ್ಗೆಯೂ ಇಲ್ಲ. ಸ್ಥಳೀಯ ಸಂಸ್ಥೆ ಆಸ್ತಿ ತೆರಿಗೆಯನ್ನು ಯಾರಿಂದ ವಸೂಲಿ ಮಾಡಬೇಕು ಎಂದು ಬರೆದಿಟ್ಟುಕೊಳ್ಳುವ ಲೆಕ್ಕವೇ ಖಾತೆ. ಖಾತೆ, ಮ್ಯುಟೇಶನ್‌ಗಳು ಹಕ್ಕನ್ನು ಸೃಷ್ಟಿಸುವುದಿಲ್ಲ ಎಂದು ನ್ಯಾಯಾಲಯಗಳು ಮತ್ತೆಮತ್ತೆ ಹೇಳಿವೆ. ಹಾಗೆಂದು ಅದನ್ನು ಕಡೆಗಣಿಸುವಂತೆಯೂ ಇಲ್ಲ: 2024ರ ಅಕ್ಟೋಬರ್‌ನಿಂದ ಇ-ಖಾತೆ ಇಲ್ಲದೆ ರಾಜ್ಯದಲ್ಲಿ ಸೈಟು, ಮನೆಗಳ ನೋಂದಣಿ ಆಗುವುದಿಲ್ಲ. ಬೆಂಗಳೂರಿನ ‘ಬಿ ಖಾತೆ’ಯ ಕಥೆ ಇದೇ ಗೊಂದಲದ ಫಲ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, ನೂರಹತ್ತು ಹಳ್ಳಿಗಳು ಸೇರಿ ಬಿಬಿಎಂಪಿ ಆದಾಗ ಪರಿವರ್ತನೆಯಾಗದ ಜಮೀನಿನ, ನಕ್ಷೆ ಮಂಜೂರಾಗದ ಸ್ವತ್ತುಗಳು ಲೆಕ್ಕವಿಲ್ಲದಷ್ಟು ಒಳಗೆ ಬಂದವು. ಅವುಗಳಿಂದ ತೆರಿಗೆಯಂತೂ ಬೇಕು, ಸಕ್ರಮ ಎಂದು ಒಪ್ಪುವಂತಿಲ್ಲ. ಅದಕ್ಕಾಗಿ ಬೇರೆ ವಹಿ ಇಡಲಾಯಿತು. ಆ ವಹಿಯ ಉದ್ಧೃತವೇ ಮಾರುಕಟ್ಟೆಯಲ್ಲಿ ‘ಬಿ ಖಾತೆ’ ಎಂಬ ಸರಕಾಗಿ, ಎ ಖಾತೆಗಿಂತ ಅಗ್ಗದ ದರದಲ್ಲಿ ಓಡಾಡಿತು. ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. 2025ರಲ್ಲಿ ಬಿ ಖಾತೆಯನ್ನು ಎ ಖಾತೆಗೆ ಬದಲಿಸಿಕೊಡುವ ಯೋಜನೆಯನ್ನು ರಾಜ್ಯ ಸರ್ಕಾರ ತಂದಿದೆ, ಅದಕ್ಕೆ ಶುಲ್ಕ ಕಟ್ಟಬೇಕು. ಬದಲಾದ ಖಾತೆ ತೆರಿಗೆ, ನಕ್ಷೆ, ಸಾಲದ ದಾರಿಯನ್ನು ಸುಗಮ ಮಾಡೀತು. ಹಕ್ಕಿನ ಸರಪಳಿಯಲ್ಲಿ ಕೊಂಡಿ ಕಳಚಿದ್ದರೆ ಅದನ್ನು ಬೆಸೆಯಲಾರದು. ಗ್ರಾಮ ಪಂಚಾಯಿತಿಗಳಲ್ಲಿ ಇದೇ ವ್ಯತ್ಯಾಸ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಒಂದು ಕಡೆ, 11ಬಿ ಇನ್ನೊಂದು ಕಡೆ ಎಂದು ಕಾಣುತ್ತದೆ.

ಖಾತೆಯ ಹಿಂದೆ ಜಮೀನಿನ ಸ್ಥಿತಿ ಇದೆ. ಕೃಷಿ ಜಮೀನಿನಲ್ಲಿ ಮನೆ ಕಟ್ಟಬೇಕಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಭೂಪರಿವರ್ತನೆ ಆಗಿರಬೇಕು. ಜನ ಇದನ್ನು ಡಿ.ಸಿ. ಕನ್ವರ್ಷನ್ ಎನ್ನುತ್ತಾರೆ. ಅದಾದ ಮೇಲೆ ಯೋಜನಾ ಪ್ರಾಧಿಕಾರ ಲೇಔಟ್ ನಕ್ಷೆಯನ್ನು ಒಪ್ಪಬೇಕು. ಎರಡೂ ಇಲ್ಲದೆ ತುಂಡು ಮಾಡಿ ಮಾರಿದ್ದೇ ರೆವಿನ್ಯೂ ಸೈಟು. ಸರ್ವೆ ನಕ್ಷೆಯಲ್ಲಿ ಖರಾಬು ಎಷ್ಟು ಎಂದೂ ನೋಡಬೇಕು. ‘ಅ’ ಖರಾಬು ಸಾಗುವಳಿಗೆ ಬಾರದ ನೆಲ, ‘ಬ’ ಖರಾಬು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ನೆಲ. ‘ಬ’ ಖರಾಬಿನ ಮೇಲೆ ಎದ್ದ ಮನೆಗೆ, ರಾಜಕಾಲುವೆ ಒತ್ತಿಕೊಂಡ ಮನೆಗೆ ಎಷ್ಟು ವರ್ಷದ ತೆರಿಗೆ ರಸೀದಿ ಇದ್ದರೂ ಜೆಸಿಬಿ ಬಂದ ದಿನ ಅವು ಅಡ್ಡ ನಿಲ್ಲುವುದಿಲ್ಲ.

ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಮೇಲೆ ಕೊಂಡ ಮನೆ ಎಂಬ ಮಾತು ಇನ್ನೂ ಕೇಳಿಬರುತ್ತದೆ. ಜಿಪಿಎ, ಕರಾರು, ವಿಲ್ ಮೂರನ್ನೂ ಕಟ್ಟಿಕೊಟ್ಟು ಮಾರಾಟ ಎಂದು ಕರೆಯುವ ಪದ್ಧತಿಯಿಂದ ಹಕ್ಕು ವರ್ಗಾವಣೆ ಆಗುವುದಿಲ್ಲ ಎಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ವಿದೇಶದಲ್ಲಿರುವ ಮಗ ಊರಿನಲ್ಲಿರುವ ತಾಯಿಗೆ ಅಧಿಕಾರಪತ್ರ ಕೊಟ್ಟು ಅವರ ಮೂಲಕ ಕ್ರಯಪತ್ರ ಬರೆಸುವುದು ಬೇರೆ ವಿಷಯ, ಅದು ಸಿಂಧು. ಆಗಲೂ ಕೊಟ್ಟವರು ಬದುಕಿದ್ದಾರೆ, ಅಧಿಕಾರವನ್ನು ಹಿಂದಕ್ಕೆ ಪಡೆದಿಲ್ಲ ಎಂಬುದನ್ನು ಖಚಿತ ಮಾಡಿಕೊಳ್ಳಬೇಕು.

ಕಾಗದಗಳು ಸರಿ ಎನಿಸಿದ ಮೇಲೆ ಕ್ರಯದ ಕರಾರು. ಮುಂಗಡ ಎಷ್ಟು, ಬಾಕಿ ಯಾವಾಗ, ಯಾವ ಮೂಲಪತ್ರಗಳನ್ನು ಕೊಡಬೇಕು, ಕಾಗದದಲ್ಲಿ ದೋಷ ಕಂಡರೆ ಮುಂಗಡ ಎಷ್ಟು ದಿನದಲ್ಲಿ ವಾಪಸ್ಸು, ಬ್ಯಾಂಕ್ ಸಾಲ ಮಂಜೂರಾಗದಿದ್ದರೆ ಏನು ಎಂಬುದು ಇದರಲ್ಲಿರಬೇಕು. ಕರಾರಿನಿಂದ ಸ್ವತ್ತಿನಲ್ಲಿ ಹಕ್ಕು ಹುಟ್ಟುವುದಿಲ್ಲ, ಕ್ರಯಪತ್ರ ಬರೆದುಕೊಡುವಂತೆ ಕೇಳುವ ಹಕ್ಕು ಹುಟ್ಟುತ್ತದೆ. ಕರಾರಿನ ಜತೆಗೇ ಸ್ವಾಧೀನವನ್ನೂ ಕೊಟ್ಟರೆ ಅದರ ಮೇಲೆ ಕ್ರಯಪತ್ರಕ್ಕೆ ಬೀಳುವಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ. ಕ್ರಯಪತ್ರದ ಕೊನೆಯ ಪುಟದ ಷೆಡ್ಯೂಲನ್ನು ಸ್ಥಳದಲ್ಲಿ ನಿಂತು ಓದುವುದು ಒಳ್ಳೆಯದು. ಅಳತೆ 30x40 ಎಂದು ಬರೆದು, ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥ ನಂಬರಿನ ಸೈಟು ಎಂದು ಚಕ್ಕುಬಂದಿ ಕೊಟ್ಟಿದ್ದು ನೆಲದ ಮೇಲೆ ರಸ್ತೆ ಉತ್ತರಕ್ಕೆ ಇದ್ದರೆ ಅದು ಟೈಪಿಸ್ಟಿನ ತಪ್ಪಾಗಿರಬಹುದು, ಬೇರೆಯೇ ಸೈಟು ತೋರಿಸಿರಲೂಬಹುದು. ಅಳತೆಗೂ ಚಕ್ಕುಬಂದಿಗೂ ತಾಳೆಯಾಗದಿದ್ದಾಗ ನ್ಯಾಯಾಲಯಗಳು ಸಾಮಾನ್ಯವಾಗಿ ಚಕ್ಕುಬಂದಿಯನ್ನೇ ಹಿಡಿಯುತ್ತವೆ.

ಹಣದ ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡಬಹುದು. ನಗರದಲ್ಲಿ 60 ಲಕ್ಷ ರೂಪಾಯಿಯ ಹಳೆಯ ಮನೆ ಎಂದುಕೊಂಡರೆ, ಶೇ 5ರ ಮುದ್ರಾಂಕ ಶುಲ್ಕ 3 ಲಕ್ಷ. ಆ ಶುಲ್ಕದ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ 36 ಸಾವಿರ. 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿದ ನೋಂದಣಿ ಶುಲ್ಕ 1.2 ಲಕ್ಷ. ಒಟ್ಟು 4.56 ಲಕ್ಷ. ಬ್ಯಾಂಕುಗಳು 30ರಿಂದ 75 ಲಕ್ಷದವರೆಗಿನ ಸಾಲಗಳಲ್ಲಿ ಮನೆ ಬೆಲೆಯ ಶೇ 80ಕ್ಕಿಂತ ಹೆಚ್ಚು ಕೊಡುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ನೋಂದಣಿಯ ಖರ್ಚು ಆ ಬೆಲೆಯಲ್ಲಿ ಸೇರುವುದಿಲ್ಲ. ಅಂದರೆ ಕೈಯಿಂದ 12 ಲಕ್ಷ, ಅದರ ಮೇಲೆ ಈ ನಾಲ್ಕೂವರೆ ಲಕ್ಷ, ದಲ್ಲಾಳಿ ಕಮಿಷನ್, ವಕೀಲರ ಶುಲ್ಕ. ಉಳಿದ 48 ಲಕ್ಷವನ್ನು ಶೇ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ತೆಗೆದರೆ ಕಂತು ತಿಂಗಳಿಗೆ ಸುಮಾರು 41,650 ರೂಪಾಯಿ. ಮೊದಲ ಕಂತಿನಲ್ಲಿ 34 ಸಾವಿರ ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸಲ್ಲುವುದು ಏಳೂವರೆ ಸಾವಿರ ಚಿಲ್ಲರೆ. ಇಪ್ಪತ್ತು ವರ್ಷದಲ್ಲಿ ಕಟ್ಟುವ ಮೊತ್ತ ಒಂದು ಕೋಟಿಗೆ ಮುಟ್ಟುತ್ತದೆ. ಬದಲಾಗುವ ಬಡ್ಡಿದರದ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ವೈಯಕ್ತಿಕ ಸಾಲಗಾರರಿಗೆ ದಂಡ ಹಾಕುವಂತಿಲ್ಲ. ಮೊದಲ ವರ್ಷಗಳಲ್ಲಿ ಕೈಗೆ ಬಂದ ಬೋನಸ್ಸನ್ನೋ ಕಾಫಿ ಮಾರಿದ ದುಡ್ಡನ್ನೋ ಅಸಲಿಗೆ ಹಾಕಿದರೆ ಆಗುವ ಉಳಿತಾಯ ಕೊನೆಯ ವರ್ಷಗಳಲ್ಲಿ ಹಾಕಿದರೆ ಆಗುವುದಿಲ್ಲ.

‘ಬ್ಯಾಂಕೇ ಸಾಲ ಕೊಟ್ಟಿದೆ, ಕಾಗದ ಸರಿ ಇರಲೇಬೇಕು’ ಎಂಬುದು ಇನ್ನೊಂದು ನಂಬಿಕೆ. ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಹಣಕ್ಕೆ ಭದ್ರತೆ ಇದೆಯೇ ಎಂದು. ಸ್ವತ್ತು ಕೈಬಿಟ್ಟು ಹೋದರೂ ಸಾಲ ಸಾಲಗಾರರ ತಲೆಯ ಮೇಲೆಯೇ ಇರುತ್ತದೆ. ತಮ್ಮದೇ ವಕೀಲರಿಂದ ಅಭಿಪ್ರಾಯ ಪಡೆಯಲು ತಗಲುವ ಹಣ ಮೇಲಿನ ಲೆಕ್ಕದಲ್ಲಿ ಒಂದು ಕಂತಿನಷ್ಟೂ ಆಗದು.

ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇ 1ರಷ್ಟು ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಮೇಲಿನ ಉದಾಹರಣೆಯಲ್ಲಿ ಮಾರುವವರ ಕೈಗೆ 59.4 ಲಕ್ಷ, ಅವರ ಪ್ಯಾನ್ ಖಾತೆಗೆ 60 ಸಾವಿರ. ಮಾರುವವರು ಅನಿವಾಸಿ ಭಾರತೀಯರಾದರೆ ಈ ದರ ಬಹಳ ಮೇಲೇರುತ್ತದೆ. ಅದು ತಿಳಿಯದೆ ಪೂರ್ತಿ ಹಣ ಕೊಟ್ಟುಬಿಟ್ಟರೆ ಇಲಾಖೆ ಬರುವುದು ಕೊಂಡವರ ಬಳಿಗೇ. ನಗದಿನಲ್ಲಿ 20 ಸಾವಿರ ಅಥವಾ ಹೆಚ್ಚನ್ನು ಪಡೆದ ಮಾರಾಟಗಾರರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಬೆಲೆಯನ್ನು ಮಾರ್ಗಸೂಚಿ ದರಕ್ಕೆ ಇಳಿಸಿ ಬರೆಸಿ ಉಳಿದದ್ದನ್ನು ನಗದಾಗಿ ಕೊಡುವ ಹಳೆಯ ರೂಢಿಯಲ್ಲಿ ಮುದ್ರಾಂಕ ಶುಲ್ಕ ಉಳಿದಂತೆ ಕಾಣುತ್ತದೆ. ಕೊಂಡವರು ಮುಂದೆ ಮಾರುವಾಗ ಅವರ ಖರೀದಿ ಬೆಲೆ ಎಂದು ಒಪ್ಪುವುದು ಬರೆಸಿದ ಮೊತ್ತವನ್ನು ಮಾತ್ರ, ಆಗ ತೆರಿಗೆ ಎರಡು ಕೈಯ ಲಾಭದ ಮೇಲೂ ಬೀಳುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ಕೊಳ್ಳುವುದು ಗೋಡೆಗಳ ನಡುವಿನ ಜಾಗ ಮತ್ತು ಅದರಡಿಯ ನೆಲದಲ್ಲಿ ಅವಿಭಜಿತ ಪಾಲು. 500 ಚದರ ಮೀಟರಿಗಿಂತ ದೊಡ್ಡ ಜಾಗದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆ 2016ರ ರೇರಾ ಕಾಯ್ದೆಯಡಿ ನೋಂದಣಿಯಾಗಿರಬೇಕು. ನೋಂದಾಯಿತ ಕರಾರಿಗೆ ಮೊದಲು ಬಿಲ್ಡರ್ ಶೇ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಕೊಳ್ಳುವವರಿಂದ ಬಂದ ಹಣದ ಶೇ 70 ಆ ಯೋಜನೆಯ ಪ್ರತ್ಯೇಕ ಖಾತೆಯಲ್ಲಿರಬೇಕು. ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಬಿಲ್ಡರೇ ಸರಿಪಡಿಸಬೇಕು. ಕಟ್ಟುತ್ತಿರುವ ಮನೆಗೆ ಶೇ 5ರ ಜಿಎಸ್‌ಟಿ ಇದೆ, ಕೈಗೆಟಕುವ ದರದ ವರ್ಗಕ್ಕೆ ಶೇ 1. ಪೂರ್ಣಗೊಂಡ ಪ್ರಮಾಣಪತ್ರ ಸಿಕ್ಕಿದ ನಂತರ ಮಾರುವ ಮನೆಗೆ ಜಿಎಸ್‌ಟಿ ಇಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಸ್ವಾಧೀನಾನುಭವ ಪತ್ರ, ರೂಢಿಯಲ್ಲಿ ಒಸಿ. ಮಂಜೂರಾದ ನಕ್ಷೆಯಂತೆಯೇ ಕಟ್ಟಡ ಎದ್ದಿದೆ ಎಂದು ಹೇಳುವ ಕಾಗದ ಅದು. ಒಸಿ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು, ಬ್ಯಾಂಕುಗಳು ಅದನ್ನು ನೋಡಿಯೇ ಸಾಲ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ನಿರ್ದೇಶಿಸಿದೆ. ಗೃಹಪ್ರವೇಶದ ಮುಹೂರ್ತಕ್ಕೆ ಒಸಿ ಕಾಯುವುದಿಲ್ಲ ಎಂಬುದು ಮನೆಮಂದಿಗೆ ಗೊತ್ತು, ಬಿಲ್ಡರಿಗೆ ಇನ್ನೂ ಚೆನ್ನಾಗಿ ಗೊತ್ತು.

ಮಾರುವವರ ಮುಖ್ಯ ಲೆಕ್ಕ ಬಂಡವಾಳ ಲಾಭದ ತೆರಿಗೆ. 24 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡಿದ್ದರೆ ಅದು ದೀರ್ಘಾವಧಿ ಲಾಭ. 2024ರ ಜುಲೈ 23ರಿಂದ ದರ ಶೇ 12.5, ಹಣದುಬ್ಬರದ ಹೊಂದಾಣಿಕೆ ಇಲ್ಲ. ಆ ದಿನಕ್ಕೆ ಮೊದಲು ಕೊಂಡಿದ್ದ ನಿವಾಸಿ ಭಾರತೀಯರು ಹೊಂದಾಣಿಕೆಯೊಂದಿಗೆ ಶೇ 20ರ ಹಳೆಯ ಲೆಕ್ಕವನ್ನೂ ಮಾಡಿ ಕಡಿಮೆ ಬರುವುದನ್ನು ಕಟ್ಟಬಹುದು. 2010–11ರಲ್ಲಿ 20 ಲಕ್ಷಕ್ಕೆ ಕೊಂಡದ್ದನ್ನು 2025–26ರಲ್ಲಿ 90 ಲಕ್ಷಕ್ಕೆ ಮಾರಿದರೆ ಹೊಸ ಲೆಕ್ಕದಲ್ಲಿ ತೆರಿಗೆ 8.75 ಲಕ್ಷ, ಹಳೆಯದರಲ್ಲಿ ಸುಮಾರು 9 ಲಕ್ಷ. ಇದಕ್ಕಿಂತ ಸಾಕಷ್ಟು ಕಡಿಮೆ ಬೆಲೆಗೆ ಹೋಗಿದ್ದರೆ ಹಳೆಯದೇ ಲಾಭಕರ. ಮನೆ ಮಾರಿದ ಲಾಭವನ್ನು ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಳ್ಳಲು ಅಥವಾ ಮೂರು ವರ್ಷದೊಳಗೆ ಕಟ್ಟಿಸಲು ಬಳಸಿದರೆ ವಿನಾಯಿತಿ ಇದೆ. ಮನೆ ಬೇಡವಾದರೆ ಆರು ತಿಂಗಳೊಳಗೆ ನಿಗದಿತ ಬಾಂಡುಗಳಲ್ಲಿ 50 ಲಕ್ಷದವರೆಗೆ ಹಾಕಬಹುದು, ಅದು ಐದು ವರ್ಷ ಅಲ್ಲೇ ಇರಬೇಕು.

ಕೊಂಡ ಮೇಲಿನ ಕೆಲಸ ಸಣ್ಣದು, ಆದ್ದರಿಂದಲೇ ಉಳಿದುಹೋಗುವುದು. ಖಾತೆ ಬದಲಾವಣೆ, ವರ್ಷವರ್ಷದ ತೆರಿಗೆ, ಖಾಲಿ ಸೈಟಾದರೆ ಬೇಲಿ. ಬೇರೆಯವರು ಎದುರು ಹಕ್ಕು ಸಾರಿ ಹನ್ನೆರಡು ವರ್ಷ ತಡೆಯಿಲ್ಲದೆ ಅನುಭವಿಸಿದರೆ ಮಾಲೀಕರ ದಾವೆಗೆ ಅವಧಿ ಮೀರುತ್ತದೆ. ಹೊರದೇಶದಲ್ಲಿರುವ ಕನ್ನಡಿಗರು ಊರಿನ ಸೈಟಿನ ವಿಷಯದಲ್ಲಿ ಇದನ್ನು ನೆನಪಿಡಬೇಕು. ಸಾಲ ತೀರಿದ ಮೂವತ್ತು ದಿನದೊಳಗೆ ಬ್ಯಾಂಕು ಮೂಲಪತ್ರಗಳನ್ನು ಮರಳಿಸಬೇಕು, ತನ್ನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಪತ್ರಗಳು ಬಂದರಷ್ಟೇ ಸಾಲದು, ಇ.ಸಿ.ಯಲ್ಲಿರುವ ಅಡಮಾನದ ನಮೂದಿಗೆ ಋಣಮುಕ್ತಿ ಪತ್ರವನ್ನೂ ನೋಂದಾಯಿಸಿಕೊಳ್ಳಬೇಕು.

ಮಾಲೀಕರು ತೀರಿಕೊಂಡ ಮೇಲೆ ವಿಲ್ ಇದ್ದರೆ ಅದರಂತೆ, ಇಲ್ಲದಿದ್ದರೆ ವಾರಸಾ ಕಾನೂನಿನಂತೆ ಸ್ವತ್ತು ಹೋಗುತ್ತದೆ. ವಿಲ್‌ಗೆ ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ, ನೋಂದಣಿ ಕಡ್ಡಾಯವಲ್ಲ. ಮಾಡಿಸಿದರೆ ಆಮೇಲಿನ ಜಗಳ ಕಡಿಮೆ. ವಾರಸುದಾರರು ಪೌತಿ ಖಾತೆ ಮಾಡಿಸಿಕೊಳ್ಳಬೇಕು. ತಾತನ ಹೆಸರಿನಲ್ಲೇ ಉಳಿದ ಖಾತೆಗಳು ರಾಜ್ಯದ ಹಳ್ಳಿಹಳ್ಳಿಯಲ್ಲೂ ಇವೆ. ಒಂದು ತಲೆಮಾರು ಸುಮ್ಮನಿದ್ದರೆ ನಾಲ್ವರ ಸಹಿಯಲ್ಲಿ ಮುಗಿಯುತ್ತಿದ್ದ ಕ್ರಯಪತ್ರಕ್ಕೆ ಇಪ್ಪತ್ತು ಮಂದಿಯನ್ನು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆತರಬೇಕಾಗುತ್ತದೆ, ಅವರಲ್ಲಿ ಒಬ್ಬರು ಬರದಿದ್ದರೂ ಆ ಪಾಲು ಮಾರಾಟವಾಗುವುದಿಲ್ಲ.